ಬೀರಮ್ಮನ ವಟ್ಟ

ಯಾತ್ರೆ ಲಕ್ಷ್ಮೀನರಸಿಂಹಯ್ಯ ಬೀರಮ್ಮನಿಗೆ ಮೂವತ್ತೈದು ರೂಪಾಯಿ ಕೂಲಿ ಬಾಕಿ ಇಟ್ಟಿದ್ದಾನೆ. ಐವತ್ತೆಂಟನೇ ಇಸವಿಯ ಶಿವರಾತ್ರಿಗೆ ಮೈಸೂರಿನಿಂದ ನೇಪಾಳದ ಪಶುಪತಿನಾಥನ ದರ್ಶನಕ್ಕೆ ಆತ ಕರೆದೊಯ್ದ ತಂಡಕ್ಕೆ ದಾರಿಯುದ್ದಕ್ಕೂ ಪಾತ್ರೆ ಬೆಳಗಿದ ಕೂಲಿ ಅದು. ಆರು ವರ್ಷವಾಯಿತು. ಕೇಳಲು ಹೋದಾಗಲೆಲ್ಲ ಆತ ಜಗಲಿಯಿಂದ ಇಳಿಯದೆಯೇ ಹೇಳುತ್ತಾನೆ: "ನಿನಗೆ ಹಿಮಾಲಯ ತೋರಿಸಿಕೊಂಡು ಬಂದಿದೀನಿ. ಅದರ ಟಿಕೆಟ್ ದುಡ್ಡು ನಾನು ಕೇಳಿದೀನೇನೇ?" ಕೂಲಿ ಸಂಘದ ಪರವಾಗಿ ನಾನೂ ಹೋಗಿ ಕೇಳಿದೆ. ಕಾಫಿ ಕೊಟ್ಟ, ದುಡ್ಡು ಕೊಡಲಿಲ್ಲ.

ಈ ಬಾಕಿ ಊರಿಗೆಲ್ಲ ಗೊತ್ತು, ಯಾರಿಗೂ ಬೇಸರವಿಲ್ಲ. ಅವರಿಗೆ ಬೇಸರವಿರುವುದು ಅದೇ ಯಾತ್ರೆಯಲ್ಲಿ ಬೀರಮ್ಮ ತಾನಾಗಿ ಸಂಪಾದಿಸಿಕೊಂಡು ಬಂದ ಇನ್ನೊಂದು ದುಡ್ಡಿನ ಮೇಲೆ. ಅದರ ಕಥೆಯನ್ನೇ ಬರೆಯುತ್ತೇನೆ.

ಬೀರಮ್ಮ ಒಂಟಿಕೊಪ್ಪಲಿನ ಹಿಂದಿನ ಒಂದು ಕೇರಿಯವಳು. ಗಂಡ ಕಾಳಯ್ಯ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ. ಇವಳು ಅಗ್ರಹಾರದ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾಳೆ. ಗೋಡೆಯ ಆಚೆ ಕಾಳಯ್ಯನ ಅಣ್ಣನ ಸಂಸಾರ. ಅಣ್ಣನ ಹೆಂಡತಿ ಸುಂದರಮ್ಮ, ಅಂದರೆ ಬೀರಮ್ಮನ ಓರಗಿತ್ತಿ. ಅತ್ತೆ ಸಾಯುವ ಮುಂಚೆ ಮನೆಯ ತಾಮ್ರದ ಹಂಡೆಯನ್ನು ಹಿರಿಸೊಸೆಗೆ ಕೊಟ್ಟು ಹೋದಳು. ಕಿರಿಸೊಸೆಗೆ ಸಿಕ್ಕಿದ್ದು ಒಂದು ಸೀಮೆಎಣ್ಣೆ ಡಬ್ಬ. ಮದುವೆಯಾಗಿ ಬಂದಾಗಿನಿಂದ ಬೀರಮ್ಮ ಸ್ನಾನದ ನೀರು ಕಾಯಿಸಿದ್ದು ಅದರಲ್ಲೇ. ಡಬ್ಬ ತೂತು ಬಿದ್ದರೆ ಸೋಪು ಹಚ್ಚಿ ಮುಚ್ಚುವಳು, ಅದೂ ನಿಲ್ಲದಿದ್ದರೆ ಇನ್ನೊಂದು ಡಬ್ಬ.

ಸುಂದರಮ್ಮ ಬುದ್ಧಿವಂತೆ. ವಾರಕ್ಕೊಮ್ಮೆ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಒಳಗೆ ಒಣಗಿಸಲು ಜಾಗ ಇಲ್ಲ ಎನ್ನುವವಳಂತೆ ತಂದು ಜಗಲಿಯ ಮೇಲೆ ಬೋರಲು ಹಾಕುತ್ತಿದ್ದಳು. ಬಿಸಿಲು ಬಿದ್ದು ಅದು ಹೊಳೆಯುವಾಗ ಬೀರಮ್ಮ ತನ್ನ ಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವಳಿಗೆ ಹೊಟ್ಟೆಕಿಚ್ಚು ಎಂದು ಕೇರಿ ಆಡಿಕೊಳ್ಳುತ್ತಿತ್ತು. ನಾನು ಅದನ್ನು ಅವಳ ಎದುರಿಗೇ ಕೇಳಿದ್ದೇನೆ. ಅವಳು ಇಲ್ಲ ಅನ್ನಲಿಲ್ಲ.

"ಊಂ, ಅದೆ. ಹೊಟ್ಟೆ ಇರೋರಿಗೆಲ್ಲ ಹೊಟ್ಟೆಕಿಚ್ಚು ಇರ್ತದೆ ಸ್ವಾಮಿ. ನಂಗೆ ದೊಡ್ಡ ಬಂಗ್ಲೆ ಬೇಕು ಅಂತ ಇಲ್ಲ. ಅವಳ್ದಕ್ಕಿಂತ ಒಂದು ಗೇಣು ಅಗಲದ ಹಂಡೆ ಬೇಕು. ಅಷ್ಟೇಯ."

ಅಷ್ಟೇ ಅವಳ ಆಸೆ. ಅದನ್ನು ಸಣ್ಣ ಆಸೆ ಎಂದು ನಗುವವರು ದಿನವೂ ಬೆಳಿಗ್ಗೆ ಗೋಡೆಯಾಚೆ ಇನ್ನೊಬ್ಬರ ಹಂಡೆಯಲ್ಲಿ ನೀರು ಕುದಿಯುವ ಸದ್ದು ಕೇಳಿಕೊಂಡು, ತಣ್ಣೀರಿನಲ್ಲಿ ಮುಖ ತೊಳೆದಿದ್ದಾರೋ ಗೊತ್ತಿಲ್ಲ.

ಯಾತ್ರೆ ಅವಳ ಪಾಲಿಗೆ ಬಂದದ್ದು ಸುಮಿತ್ರಮ್ಮನಿಂದ. ಅಗ್ರಹಾರದ ಸುಮಿತ್ರಮ್ಮ ಅವಳು ಕೆಲಸ ಮಾಡುವ ಮನೆಯ ಯಜಮಾನಿತಿ, ಗಂಡ ಸತ್ತವರು, ಪೆನ್ಷನ್ ಬರುತ್ತಿತ್ತು. ಲಕ್ಷ್ಮೀನರಸಿಂಹಯ್ಯ ಕಟ್ಟಿದ ಯಾತ್ರೆಯ ತಂಡಕ್ಕೆ ಅವರೂ ದುಡ್ಡು ಕಟ್ಟಿದ್ದರು. ಪಾತ್ರೆಗೆ ಒಬ್ಬ ಹೆಂಗಸು ಬೇಕು ಎಂದಾಗ ಬೀರಮ್ಮನ ಹೆಸರು ಹೇಳಿದರು. ಸುದ್ದಿ ಕೇರಿಗೆ ಮುಟ್ಟಿದ ದಿನ ನಲ್ಲಿಯ ಹತ್ತಿರ ಯಾರೂ ಬೀರಮ್ಮನನ್ನು ಮಾತಾಡಿಸಲಿಲ್ಲ. ಸುಂದರಮ್ಮ ಮಾತ್ರ ಬಿಂದಿಗೆ ತುಂಬುತ್ತ, ಯಾರಿಗೂ ಹೇಳದವಳಂತೆ ಹೇಳಿದಳು:

"ಪಾತ್ರೆ ಉಜ್ಜಾಕೆ ಹಿಮಾಲಯಕ್ಕೆ ಓಗಬೇಕಾ? ಇಲ್ಲೇನು ಮುಸುರೆ ಇರಾಕಿಲ್ವಾ?"

"ಇರ್ತದೆ ಕಣಕ್ಕ," ಎಂದಳು ಬೀರಮ್ಮ. "ಅದಕ್ಕೇ ನಿನ್ನ ಬುಟ್ಟು ಓಗ್ತಿದೀನಿ."

ಎರಡು ದಿನ ಹೊಟ್ಟೆಕಿಚ್ಚು ಪಟ್ಟ ಕೇರಿ ಮೂರನೇ ದಿನ ಅವಳ ಬಾಗಿಲಿಗೆ ಬಂತು. ಕಾರಣ ಮುಡಿಪು. ನಮ್ಮ ಕಡೆ ಮನೆಯಲ್ಲಿ ಕಾಯಿಲೆ ಕಷ್ಟ ಬಂದರೆ ದೂರದ ದೇವರನ್ನು ನೆನೆದು ಒಂದು ರೂಪಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಎತ್ತಿಡುತ್ತಾರೆ. ಆ ದೇವರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಾರೆ. ಮುಡಿಪಿಗೆ ನೋಟು ಕಟ್ಟುವುದಿಲ್ಲ, ಬಿಳೀ ರೂಪಾಯಿಯೇ ಆಗಬೇಕು. ಅಂದರೆ ಇಂಗ್ಲಿಷ್ ದೊರೆಯ ತಲೆ ಇರುವ ಹಳೆಯ ಬೆಳ್ಳಿ ರೂಪಾಯಿ. ಹೊಸಪೈಸೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆಣೆಗೆ ಆರೂಕಾಲು ಪೈಸೆ ಎಂದು ಸರ್ಕಾರ ಹೇಳುತ್ತಿತ್ತು, ಅಂಗಡಿಯವನು ಆರೇ ಕೊಡುತ್ತಿದ್ದ. ಕಾಲು ಎಲ್ಲಿ ಹೋಗುತ್ತದೆಂದು ಕೇಳುವವರಿರಲಿಲ್ಲ. ಅಂಥ ಕಾಲದಲ್ಲೂ ಹೆಂಗಸರು ಟ್ರಂಕಿನ ತಳದಿಂದ ಬೆಳ್ಳಿ ರೂಪಾಯಿ ತೆಗೆದು ತಂದು ಬೀರಮ್ಮನ ಮಡಿಲಿಗೆ ಹಾಕಿದರು. ನಲವತ್ತರ ಹತ್ತಿರ ಗಂಟುಗಳು.

ಸುಂದರಮ್ಮ ಕೊನೆಗೆ ಬಂದಳು.

"ಪಶುಪತಿಗೆ ನನ್ನೆಸರೇಳಿ ಒಂದು ರೂಪಾಯಿ ಆಕು. ಜೋಪಾನ. ಒಂದು ಉದುರಿದ್ರೂ ದೇವ್ರು ಕೇಳ್ತಾನೆ. ಅವನಿಗಿಂತ ಮುಂಚೆ ನಾನು ಕೇಳ್ತೀನಿ."

ಬೀರಮ್ಮ ಎಲ್ಲವನ್ನೂ ಒಂದು ಉದ್ದ ಬಟ್ಟೆಯ ಚೀಲದಲ್ಲಿ ಹೊಲಿದು ಸೊಂಟಕ್ಕೆ ಬಿಗಿದುಕೊಂಡಳು. ಬೆಳ್ಳಿ ಭಾರ. ರೈಲಿನಲ್ಲಿ ಕೂತರೆ ಒತ್ತುತ್ತಿತ್ತು, ಮಲಗಿದರೆ ಕೊರೆಯುತ್ತಿತ್ತು. ಕಾಶಿ ತಲುಪುವ ಹೊತ್ತಿಗೆ ಸೊಂಟದ ಸುತ್ತ ಚರ್ಮ ಕಿತ್ತು ಬಂದಿತ್ತು. ಅವಳು ಬೆಳಗಿಟ್ಟ ಪಾತ್ರೆಗಳಿಗೆ ನೀರು ಚಿಮುಕಿಸಿ ಶುದ್ಧ ಮಾಡಿ ಒಳಗೆ ತೆಗೆದುಕೊಳ್ಳುತ್ತಿದ್ದ ಜನ ಅದನ್ನೆಲ್ಲ ನೋಡುವವರಲ್ಲ.

ರಕ್ಸೌಲ್ ಎಂಬಲ್ಲಿ ನಮ್ಮ ದೇಶದ ರೈಲು ಮುಗಿಯುತ್ತದೆ. ಆಚೆ ಬೀರ್‌ಗಂಜ್, ನೇಪಾಳದ ಊರು. ಅಲ್ಲಿ ರೂಪಾಯಿಯೇ ಬೇರೆ. ಅವರ ರೂಪಾಯಿಗೆ ಮೋರು ಎನ್ನುತ್ತಾರೆ, ನಮ್ಮದಕ್ಕೆ ಕಂಪನಿ ಎನ್ನುತ್ತಾರೆ. ನಮ್ಮ ನೂರು ಕೊಟ್ಟರೆ ಅವರ ನೂರಕ್ಕಿಂತ ಎಷ್ಟೋ ಹೆಚ್ಚು ಸಿಗುತ್ತಿತ್ತು. ಎಷ್ಟು ಎಂಬುದು ದಿನಕ್ಕೊಂದು ಥರ, ಅಂಗಡಿಗೊಂದು ಥರ. ದುಡ್ಡು ಮುರಿಸಿಕೊಡುವವರು ಬೀದಿಯಲ್ಲೇ ಚಾಪೆ ಹಾಸಿಕೊಂಡು, ನಾಣ್ಯಗಳನ್ನು ರಾಗಿಯ ಹಾಗೆ ಗುಡ್ಡೆ ಹಾಕಿಕೊಂಡು ಕೂತಿರುತ್ತಿದ್ದರಂತೆ.

ಲಕ್ಷ್ಮೀನರಸಿಂಹಯ್ಯ ಯಾತ್ರಿಕರನ್ನು ಧರ್ಮಶಾಲೆಯಲ್ಲಿ ಕೂರಿಸಿ, "ಇಲ್ಲಿಯವರೆಲ್ಲ ಮೋಸಗಾರರು, ನೀವು ಬೀದಿಗಿಳಿಯಬೇಡಿ, ನಾನೇ ಮುರಿಸಿ ತರ್ತೀನಿ" ಎಂದು ಎಲ್ಲರಿಂದ ನೋಟು ಒಟ್ಟುಮಾಡಿಕೊಂಡು ಹೋದ. ಬೀರಮ್ಮ ಅಲ್ಲೇ ಬೀದಿಯ ಮೂಲೆಯಲ್ಲಿ ಬೂದಿ ಹಾಕಿ ಕೊಪ್ಪರಿಗೆ ತಿಕ್ಕುತ್ತಿದ್ದಳು. ಆತ ಚಾಪೆಯವನಿಂದ ನೋಟಿನ ಕಟ್ಟು ತೆಗೆದುಕೊಂಡದ್ದು, ಗೋಡೆಯ ಮರೆಗೆ ಬಂದು ಅದರಲ್ಲಿ ಒಂದಷ್ಟು ಕಿತ್ತು ಕೋಟಿನ ಒಳಜೇಬಿಗೆ ಹಾಕಿಕೊಂಡದ್ದು ಅವಳಿಗೆ ಕಂಡಿತು. ಅವಳಿಗೆ ಲೆಕ್ಕ ಬಾರದು. ಆದರೆ ಇನ್ನೊಬ್ಬರ ಪಾಲಿಗೆ ಹೋದದ್ದು ಎಷ್ಟು ದಪ್ಪ ಎಂದು ಅಳೆಯುವ ಕಣ್ಣು ಅವಳದು. ಹಂಡೆ ನೋಡಿ ನೋಡಿ ಪಳಗಿದ ಕಣ್ಣು. ಸುಮಿತ್ರಮ್ಮನ ಕೈಗೆ ಬಂದ ಕಟ್ಟು ತೆಳ್ಳಗಿತ್ತು.

ಸಾಯಂಕಾಲ ಆತ ಒಬ್ಬನೇ ಕೂತಿದ್ದಾಗ ಹೋಗಿ ಕೇಳಿದಳು.

"ಬುದ್ಧೀ, ಚಾಪೆಯೋನು ಕೊಟ್ಟಿದ್ದು ದಪ್ಪಕ್ಕಿತ್ತು. ಅಮ್ಮಾವ್ರಿಗೆ ಬಂದಿದ್ದು ತೆಳ್ಳಗದೆ. ನಡುವೆ ಎಲ್ಲೋಯ್ತು?"

ಆತ ಸುತ್ತ ನೋಡಿದ. ಬೈಯಲಿಲ್ಲ. ಪಾತ್ರೆಯವಳ ಬಾಯಿ ಮುಚ್ಚಿಸಲು ಬೈಗುಳಕ್ಕಿಂತ ಪಾಠ ಮೇಲು ಅನ್ನಿಸಿರಬೇಕು.

"ಅದು ವಟ್ಟ ಕಣೇ. ದುಡ್ಡು ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ದಾಟುವಾಗ ಸ್ವಲ್ಪ ಉದುರತ್ತೆ. ಉದುರಿದ್ದಕ್ಕೆ ವಟ್ಟ ಅಂತಾರೆ."

"ಉದುರಿದ್ದ ಯಾರು ಗುಡಿಸ್ಕೋಬೇಕು?"

"ಯಾರು ಹೊತ್ತು ದಾಟಿಸ್ತಾರೋ ಅವರು. ಅದು ಧರ್ಮ. ಸರ್ಕಾರವೂ ಹಾಗೇ ಮಾಡೋದು. ಇದನ್ನೆಲ್ಲ ಅಮ್ಮಾವ್ರ ಹತ್ರ ಹೇಳೋಕೆ ಹೋಗಬೇಡ, ಅವರಿಗೆ ಅರ್ಥವಾಗಲ್ಲ."

ಬೀರಮ್ಮನಿಗೆ ಚೆನ್ನಾಗಿ ಅರ್ಥವಾಯಿತು. ಅವಳು ಸೊಂಟ ಮುಟ್ಟಿ ನೋಡಿಕೊಂಡಳು. ಮೈಸೂರಿನಿಂದ ಇಲ್ಲಿಯತನಕ ಹೊತ್ತು ದಾಟಿಸಿದವಳು ತಾನು. ಚರ್ಮ ಕಿತ್ತುಹೋಗಿರುವುದು ತನ್ನದು. ಜೇಬಿನಲ್ಲಿ ನೋಟು ಇಟ್ಟುಕೊಂಡು ಕಿಟಕಿ ಪಕ್ಕ ಕೂತು ಬಂದವನಿಗೆ ಅಷ್ಟು ವಟ್ಟ ಎಂದರೆ ತನಗೆ ಎಷ್ಟು? ಅವತ್ತು ಆ ಯಜಮಾನನ ಒಳಜೇಬಿನ ಮೇಲೆ ಅವಳಿಗೆ ಹುಟ್ಟಿದ ಉರಿ ಓರಗಿತ್ತಿಯ ಹಂಡೆಯ ಮೇಲಿನ ಉರಿಯನ್ನೂ ಮೀರಿಸಿತ್ತು ಎಂದು ಅವಳೇ ನನಗೆ ಹೇಳಿದ್ದಾಳೆ.

ಮರುದಿನ ಬೆಳಿಗ್ಗೆ ಚಾಪೆಯವರ ಹತ್ತಿರ ಹೋದಳು. ಮೊದಲು ತೋರಿಸಿದ್ದು ತನ್ನದೇ ಮುಡಿಪಿನ ರೂಪಾಯಿ. ಚಾಪೆಯವನು ಅದನ್ನು ಕಲ್ಲಿನ ಮೇಲೆ ಬಡಿದ. ಟಣ್ ಎಂದಿತು. ಅವನ ಮುಖ ಅರಳಿತು. ಕಾಗದದ ರೂಪಾಯಿಗಿಂತ ದೊರೆ ತಲೆಯ ಬೆಳ್ಳಿಗೆ ಅಲ್ಲಿ ಬಹಳ ಗಿರಾಕಿ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ, ಆ ಮುಖವೇ ಹೇಳಿತು. ಅವನು ಎರಡು ಮೋರು ಇಟ್ಟ. ಬೀರಮ್ಮ ಮುಟ್ಟಲಿಲ್ಲ. ರೂಪಾಯಿ ಎತ್ತಿಕೊಂಡು ಪಕ್ಕದ ಚಾಪೆಗೆ ಹೋಗಿ, ಮೊದಲನೆಯವನ ಕಡೆ ಬೆರಳು ಮಾಡಿ, ಎರಡು ಬೆರಳು ತೋರಿಸಿ, ಬಾಯಿ ಸೊಟ್ಟ ಮಾಡಿದಳು. ಪಕ್ಕದವನು ಎರಡರ ಮೇಲೆ ಚಿಲ್ಲರೆ ಹಾಕಿದ. ಇವಳು ಅದನ್ನು ಮೊದಲನೆಯವನಿಗೆ ತೋರಿಸಿದಳು.

"ಇಬ್ಬರೂ ಅಣ್ಣತಮ್ಮಂದಿರೇ ಇರಬೇಕು ಸ್ವಾಮಿ. ಒಬ್ಬನ ಕಂಡ್ರೆ ಒಬ್ಬನಿಗೆ ಅಷ್ಟು ಉರಿ. ಭಾಷೆ ಬರದಿದ್ರೂ ಉರಿ ತಿಳೀತದೆ. ನಾನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಓಡಾಡ್ದೆ. ಬಿಸಿಲೇರೋ ವೊತ್ಗೆ ಮೂರು ಮೋರಿಗೆ ಬಂದು ನಿಂತ್ಕೊಂಡ್ರು."

ಒಂದು ಬಿಳೀ ರೂಪಾಯಿಗೆ ಮೂರು ಮೋರು. ಧರ್ಮಶಾಲೆಯಲ್ಲಿ ಕೂತಿದ್ದ ಯಾವ ಯಾತ್ರಿಕನಿಗೂ ಕನಸಿನಲ್ಲೂ ಸಿಗದ ವಟ್ಟ.

ಅವಳು ಮುಡಿಪಿನ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಬೆಳ್ಳಿ ತೆಗೆದು, ಅದೇ ಬಟ್ಟೆಯಲ್ಲಿ ಒಂದೊಂದು ಮೋರು ಇಟ್ಟು, ಅದೇ ಥರ ಕಟ್ಟಿದಳು. ಯಾರ ಗಂಟು ಯಾವುದು ಎಂದು ಕಟ್ಟಿನ ರೀತಿಯಲ್ಲೇ ಅವಳಿಗೆ ಗೊತ್ತಾಗುತ್ತಿತ್ತು. ಶಿವರಾತ್ರಿಯ ದಿನ ಪಶುಪತಿನಾಥನ ಗುಡಿಯಲ್ಲಿ ನೂಕುನುಗ್ಗಲಲ್ಲಿ ನಿಂತು, ಒಂದೊಂದು ಗಂಟಿಗೂ ಹೆಸರು ಹೇಳಿ, ಯಾರ ಮನೆಯ ಕಾಯಿಲೆ, ಯಾರ ಮನೆಯ ಕೋರ್ಟು ಎಂದೆಲ್ಲ ಒಪ್ಪಿಸಿ ಹುಂಡಿಗೆ ಹಾಕಿದಳು. ಸುಂದರಮ್ಮನ ಹೆಸರನ್ನು ಜೋರಾಗಿ ಹೇಳಿದೆ ಎಂದು ಆಣೆ ಮಾಡುತ್ತಾಳೆ. ನಾನು ನಂಬುತ್ತೇನೆ. ಓರಗಿತ್ತಿಗೆ ದೇವರು ಏನು ಕೊಟ್ಟರೂ ತನ್ನ ಕೈಯಿಂದಲೇ ಹೋಗಲಿ ಎಂಬ ಗತ್ತು ಅವಳಿಗೆ ಇತ್ತು.

ಮಿಕ್ಕಿದ ಮೋರುಗಳಿಗೆ ಅವಳು ಗುಡಿಯ ಹೊರಗೆ ರುದ್ರಾಕ್ಷಿ ಕೊಂಡಳು, ಒಂದು ಗಂಟು ತುಂಬ. ದುಡ್ಡನ್ನು ದುಡ್ಡಾಗಿ ವಾಪಸು ಒಯ್ಯಬಾರದು ಎಂದು ಅವಳಿಗೆ ಹೊಳೆದದ್ದೂ ಯಜಮಾನನ ಜೇಬನ್ನು ನೋಡಿಯೇ. ದಾಟುವಾಗ ಉದುರುವುದಾದರೆ ವಾಪಸು ದಾಟುವಾಗಲೂ ಉದುರಬೇಕಲ್ಲ. ಹಾಗೇ ಆಯಿತು. ಬೀರ್‌ಗಂಜಿಗೆ ಬಂದ ಮೇಲೆ ಯಾತ್ರಿಕರು ಉಳಿದ ಮೋರುಗಳನ್ನು ಲಕ್ಷ್ಮೀನರಸಿಂಹಯ್ಯನಿಗೆ ಕೊಟ್ಟು ನಮ್ಮ ರೂಪಾಯಿ ಮಾಡಿಸಿಕೊಂಡರು. ಒಳಜೇಬು ಇನ್ನೊಂದು ಸಲ ಉಬ್ಬಿತು. ಸುಮಿತ್ರಮ್ಮ ತೆಳ್ಳಗಿನ ನೋಟು ಎಣಿಸುತ್ತ ಬೀರಮ್ಮನ ಗಂಟಿನ ಕಡೆ ನೋಡಿದರು.

"ಏನೇ ಇಷ್ಟೊಂದು ರುದ್ರಾಕ್ಷಿ? ನಿನಗೆಲ್ಲಿಂದ ಬಂತು ದುಡ್ಡು?"

"ವಟ್ಟ ಕಣಮ್ಮಾವ್ರೆ."

ಸುಮಿತ್ರಮ್ಮ ನಕ್ಕರು. ಪಾತ್ರೆಯವಳು ಯಾವುದೋ ದೊಡ್ಡ ಮಾತು ಕಲಿತಿದ್ದಾಳೆ ಎಂದುಕೊಂಡಿರಬೇಕು.

ಮೈಸೂರಿಗೆ ಬಂದ ಮೇಲೆ ಕೇರಿಗೆಲ್ಲ ಪ್ರಸಾದ ಹಂಚಿದಳು. ಅರಿಶಿನದ ಬಟ್ಟೆ ಹುಂಡಿಗೆ ಬಿತ್ತು ಎಂದು ಕೇಳಿ ಹೆಂಗಸರು ಕಣ್ಣಿಗೊತ್ತಿಕೊಂಡರು. ದೊಡ್ಡಪೇಟೆಯಲ್ಲಿ ಪೂಜೆಯ ಸಾಮಾನು ಮಾರುವ ಗ್ರಂಥಿಗೆ ಅಂಗಡಿಗೆ ರುದ್ರಾಕ್ಷಿ ಮಾರಿದಳು, ಅಲ್ಲೂ ಎರಡು ಅಂಗಡಿಗಳ ನಡುವೆ ಓಡಾಡಿಯೇ. ಮರುದಿನ ಒಂದು ಜಟಕಾ ಕೇರಿಯೊಳಗೆ ಬಂತು. ಅದರಲ್ಲಿ ಕಾಳಯ್ಯ ಒಂದು ತಾಮ್ರದ ಹಂಡೆಯನ್ನು ಎರಡು ಕೈಯಲ್ಲಿ ತಬ್ಬಿಕೊಂಡು ಕೂತಿದ್ದ.

ಸುಂದರಮ್ಮನ ಹಂಡೆಗಿಂತ ಒಂದು ಗೇಣು ಅಗಲ. ಬೀರಮ್ಮ ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿ ಜಗಲಿಯ ಮೇಲೆ ಬೋರಲು ಹಾಕಿದಳು. ಹೊಸ ಹಂಡೆಗೆ ಉಜ್ಜುವ ಅಗತ್ಯವೇ ಇರಲಿಲ್ಲ. ಆ ದಿನ ಬಾಗಿಲು ಹಾಕಿಕೊಂಡವಳು ಸುಂದರಮ್ಮ.

ಬೀರಮ್ಮ ಸುಮ್ಮನಿದ್ದಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಯಾತ್ರೆಯ ಕೂಲಿಯಲ್ಲಿ ಕೊಂಡುತಂದೆ ಎಂದರೆ ಸಾಕಿತ್ತು, ಕೂಲಿ ಬಾಕಿಯ ವಿಷಯ ಆಗ ಯಾರಿಗೂ ಗೊತ್ತಿರಲಿಲ್ಲ. ಆದರೆ ಇಷ್ಟು ವರ್ಷ ಹೊಟ್ಟೆಯಲ್ಲಿ ಉರಿ ಇಟ್ಟುಕೊಂಡವಳಿಗೆ ಉರಿಸುವ ರುಚಿ ಸಿಕ್ಕಿತ್ತು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಸುಂದರಮ್ಮ ತಡೆಯಲಾರದೆ ಚುಚ್ಚಿದಳು.

"ಅಗ್ರಹಾರದೋರು ಮುಸುರೆ ಜೊತೆಗೆ ತಾಮ್ರನೂ ಕೊಡ್ತಾರೇನೋ, ನಂಗೆ ತಿಳೀದು. ಯಾವ ಮನೆ ಹಿತ್ಲಿಂದ ಎತ್ಕಂಬಂದೆ ಹೇಳು, ನಾನೂ ಓಗ್ತೀನಿ."

"ಹಿತ್ಲಿಂದ ಯಾಕಕ್ಕ? ನಿನ್ನ ರೂಪಾಯಿಂದ್ಲೇ ಬಂದಿದ್ದು."

"ನನ್ನ ರೂಪಾಯಾ?"

"ಊಂ. ನಿನ್ನ ಒಂದು ರೂಪಾಯಿ ಅಲ್ಲಿ ಮೂರಾಯ್ತು. ಒಂದ ದೇವ್ರಿಗೆ ಹಾಕ್ದೆ. ಮಿಕ್ಕಿದ್ದು ನನ್ನ ವಟ್ಟ. ಎಲ್ಲಾರ್ದೂ ಅಂಗೇ ಮುರಿಸ್ದೆ. ನೀನು ಟ್ರಂಕಲ್ಲಿ ಮಡಗಿದ್ದಾಗ ಮರಿ ಹಾಕ್ತಾ? ಇಲ್ವಲ್ಲ. ನನ್ನ ಸೊಂಟದಲ್ಲಿ ಹಾಕ್ತು."

ಬಿಂದಿಗೆಗಳು ಅಲ್ಲೇ ಉಳಿದವು. ಆ ಭಾನುವಾರವೇ ಮಾರಮ್ಮನ ಗುಡಿಯ ಜಗಲಿಯ ಮೇಲೆ ಪಂಚಾಯ್ತಿ ಸೇರಿತು. ಕೇರಿಯ ಯಜಮಾನ ಜವರಯ್ಯ ನಡುವೆ ಕೂತ. ಸಂಘದವನು ಎಂದು ನನ್ನನ್ನೂ ಕರೆದಿದ್ದರು.

"ನಾನು ಕೊಟ್ಟಿದ್ದು ನಮ್ಮವ್ವ ಮದ್ವೇಲಿ ಸೆರಗಿಗೆ ಕಟ್ಟಿದ್ದ ಬಿಳೀ ರೂಪಾಯಿ," ಎಂದು ಸುಂದರಮ್ಮ ಶುರು ಮಾಡಿದಳು. "ಅದನ್ನ ಯಾವನೋ ಬೀದೀಲಿ ಕೂತೋನ ಚಾಪೆ ಮೇಲೆ ಎಸೆದ್ಬುಟ್ಟು ಬಂದವಳೆ. ದೇವ್ರ ದುಡ್ಡ ಕದ್ದು ಹಂಡೆ ಮಾಡಿಸ್ಕಂಡವಳೆ."

"ನೀನು ಏನಂತ ಕೊಟ್ಟೆ ಅಕ್ಕ?" ಎಂದಳು ಬೀರಮ್ಮ. "ಪಶುಪತಿಗೆ ಒಂದು ರೂಪಾಯಿ ಆಕು ಅಂದೆ. ಆಕಿದ್ನೋ ಇಲ್ವೋ?"

ಜವರಯ್ಯ ಕೆಮ್ಮಿದ. "ಆಕಿದೀಯ. ಯಾವ ರೂಪಾಯಿ ಆಕ್ದೆ?"

"ಅಲ್ಲೀ ದೇವ್ರಿಗೆ ಅಲ್ಲೀ ರೂಪಾಯಿ. ನಮ್ಮ ಬಿಳೀ ರೂಪಾಯಿ ಹಾಕಿದ್ರೆ ಅವನು ಎಲ್ಲೋಗಿ ಮುರಿಸ್ಕೋಬೇಕು ಪಾಪ? ಅವನಿಗೂ ಮೋಸ ಮಾಡೋರು."

ಕೆಲವರು ನಕ್ಕರು. ಜವರಯ್ಯ ನಗಲಿಲ್ಲ.

"ಮಿಕ್ಕಿದ್ದು?"

"ವಟ್ಟ. ಹೊತ್ತು ದಾಟಿಸ್ದೋರ್ದು. ಲಕ್ಷ್ಮೀನರಸಿಂಹಯ್ಯನೋರೇ ಹೇಳಿಕೊಟ್ರು. ಅವ್ರೂ ತಗಂಡ್ರು, ಹೋಗ್ತಾ ಒಂದು ದಪ, ಬರ್ತಾ ಒಂದು ದಪ."

"ಅವರು ದೊಡ್ಡೋರು. ಅವರ ವ್ಯವಹಾರ ಬೇರೆ."

ಹೇಗೆ ಬೇರೆ ಎಂದು ನಾನು ಎದ್ದು ಕೇಳಿದೆ. ಆತ ಗೋಡೆಯ ಮರೆಯಲ್ಲಿ ತೆಗೆದುಕೊಂಡದ್ದು ವಟ್ಟ, ಇವಳು ಹಗಲು ಬೆಳಕಿನಲ್ಲಿ ತೆಗೆದುಕೊಂಡದ್ದು ಕಳ್ಳತನ, ಇದು ಯಾವ ಊರ ನ್ಯಾಯ ಎಂದೆ. ಜವರಯ್ಯ ಕೈ ಎತ್ತಿ ನನ್ನನ್ನು ಕೂರಿಸಿದ.

"ಚಳವಳಿ ಮಾತ ಅರಮನೆ ಮುಂದೆ ಆಡೋದಲ್ವಾ ಸ್ವಾಮಿ. ನಲವತ್ತೇಳರಲ್ಲಿ ಜವಾಬ್ದಾರಿ ಸರ್ಕಾರ ಬೇಕು ಅಂತ ನೀವು ಕೂಗ್ದಾಗ ನಾವೂ ನಿಮ್ಮಿಂದೆ ಬಂದೋ. ಇದು ಹೆಂಗಸರ ಮುಡಿಪು. ಇದಕ್ಕೆ ಜೈಕಾರ ಹಾಕಾಕಾಯ್ತದಾ?"

ಮೂಲೆಯಲ್ಲಿದ್ದ ಮುದುಕಿ ಮಂಗಳಮ್ಮ ಒಬ್ಬಳೇ ಅವಳ ಪರ ಮಾತಾಡಿದಳು. "ನನ್ನ ಮೊಮ್ಮಗೀನ ಜ್ವರ ಬುಡ್ತು. ದೇವ್ರಿಗೆ ಮುಟ್ಟದೆ ಬುಡ್ತಿತ್ತಾ? ನಂಗೆ ಅಷ್ಟು ಸಾಕು. ಹಂಡೆ ಅವಳೇ ಮಡಿಕ್ಕಳ್ಳಿ." ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಂಡೆ ಮಾರಿ ಬಂದ ದುಡ್ಡನ್ನು ಮುಡಿಪು ಕೊಟ್ಟವರಿಗೆ ಹಂಚಿಬಿಡಿ ಎಂದು ಯಾರೋ ಹೇಳಿದರು. ಆಗ ನಡೆದದ್ದನ್ನು ನಾನು ಮರೆಯುವುದಿಲ್ಲ. ಸುಂದರಮ್ಮ ತನ್ನದು ಪೂರಾ ಬೆಳ್ಳಿ, ಯುದ್ಧದ ಕಾಲದಲ್ಲಿ ಬಂದ ರೂಪಾಯಿ ಕೊಟ್ಟವರದು ಅರ್ಧ ಬೆರಕೆ, ಅವರಿಗೂ ತನಗೂ ಒಂದೇ ಪಾಲು ಹೇಗೆ ಎಂದಳು. ಇನ್ನೊಬ್ಬಳು ತಾನು ಎರಡು ಗಂಟು ಕೊಟ್ಟಿದ್ದೆ ಎಂದಳು. ಅವಳು ಕೊಟ್ಟದ್ದು ಒಂದೇ ಎಂದು ಮತ್ತೊಬ್ಬಳು ಆಣೆ ಮಾಡಿದಳು. ಅತ್ತೆ ಕೊಟ್ಟ ರೂಪಾಯಿ ಸೊಸೆಯ ಪಾಲೋ ಅತ್ತೆಯ ಪಾಲೋ ಎಂದು ಒಂದೇ ಮನೆಯ ಇಬ್ಬರು ಜಡೆ ಹಿಡಿದರು. ಬೀರಮ್ಮನನ್ನು ಎಲ್ಲರೂ ಮರೆತೇಬಿಟ್ಟರು. ಒಬ್ಬಳಿಗೆ ಎರಡಾಣೆ ಹೆಚ್ಚು ಹೋಗುವುದನ್ನು ಇನ್ನೊಬ್ಬಳಿಂದ ನೋಡಲಾಗಲಿಲ್ಲ. ಕೊನೆಗೆ ಜವರಯ್ಯ ತೀರ್ಪು ಹೇಳಿದ: ಯಾರಿ‌ಗೂ ಬೇಡ, ಹಂಡೆ ಮಾರಮ್ಮನಿಗೆ. ಒಪ್ಪದಿದ್ದರೆ ಬೀರಮ್ಮನಿಗೆ ಕೇರಿಯ ನಲ್ಲಿ ಇಲ್ಲ, ಅವಳ ಮನೆಗೆ ಯಾರೂ ಕಾಲಿಡಕೂಡದು.

ಆ ತೀರ್ಪಿಗೆ ಎಲ್ಲ ಹೆಂಗಸರೂ ಒಟ್ಟಿಗೆ ಹೂಂಗುಟ್ಟಿದರು. ಭಕ್ತಿ ಎಂದು ನಾನು ಒಪ್ಪುವುದಿಲ್ಲ. ದೇವರಿಗೆ ಹೋದರೆ ಪಕ್ಕದ ಮನೆಯವಳಿಗೆ ಹೋಗುವುದಿಲ್ಲ, ಅದೇ ಸಮಾಧಾನ.

ಕಾಳಯ್ಯ ಹಂಡೆಯನ್ನು ತಾನೇ ಹೊತ್ತು ಗುಡಿಗೆ ಹಾಕಿ ಬಂದ. ಬದುಕೆಲ್ಲ ಇನ್ನೊಬ್ಬರ ಮೂಟೆ ಹೊತ್ತವನು, ತನ್ನ ಮನೆಯ ಒಂದೇ ಭಾರವನ್ನೂ ಹೊತ್ತು ಆಚೆ ಹಾಕಿದ. ಬೀರಮ್ಮ ಅಳಲಿಲ್ಲ. ಮತ್ತೆ ಸೀಮೆಎಣ್ಣೆ ಡಬ್ಬ ಒಲೆಗೆ ಏರಿತು. ಮಾರಿಹಬ್ಬ ಬಂದಾಗ ಗುಡಿಯ ಹಿಂದೆ ಆ ಹಂಡೆಯಲ್ಲಿ ನೀರು ಕಾಯಿಸುವ ಕೆಲಸಕ್ಕೆ ಸುಂದರಮ್ಮ ತಾನಾಗಿಯೇ ಮುಂದೆ ಬಂದಳು. ಈಗ ಎರಡು ಹಂಡೆಗೂ ಬೆಂಕಿ ಹಾಕುವವಳು ಅವಳೇ.

"ಮಾರಮ್ಮ ತಗೊಂಡಿದ್ರೆ ತಗೊಳ್ಳಿ ಬುಡಿ, ಅವಳು ದೇವ್ರು," ಎಂದಳು ಬೀರಮ್ಮ ನನ್ನ ಹತ್ತಿರ. "ನನ್ನ ಹಂಡೆ ಕಂಠ ಸವರೋ ಕೈ ಇವಳ್ದೇ ಆಗಬೇಕಿತ್ತಾ?"

ಇನ್ನೊಂದು ವಿಷಯ ಹೇಳದಿದ್ದರೆ ಕೇರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ಅರವತ್ತೊಂದರಲ್ಲಿ ಜವರಯ್ಯನ ಅಳಿಯ ಸಿದ್ದರಾಜು ಒಂದು ನಾಟಕ ಕಂಪನಿಯ ಅಡುಗೆಯವನಾಗಿ ಸಿಲೋನಿಗೆ ಹೊರಟ. ಜವರಯ್ಯ ಅವನನ್ನು ಕರೆದುಕೊಂಡು, ಯಾರೂ ನೋಡದ ಹಾಗೆ ಹಿತ್ತಲ ಬಾಗಿಲಿನಿಂದ ಬೀರಮ್ಮನ ಮನೆಗೆ ಬಂದ. ಹೊರದೇಶದಲ್ಲಿ ದುಡ್ಡು ಮುರಿಸುವುದು ಹೇಗೆ ಎಂದು ಕೇಳಲು. ನಾನು ಅಲ್ಲೇ ಕೂತಿದ್ದೆ. ಅವಳು ಅಟ್ಟಬಹುದಿತ್ತು. ಅಟ್ಟಲಿಲ್ಲ.

"ಹಡಗು ಇಳಿದ ಜಾಗದಲ್ಲಿ ಮುರಿಸಬ್ಯಾಡ ಕಣಪ್ಪ. ಇಳಿದೋರಿಗೆಲ್ಲ ಹಸಿವು, ಅದು ಅವ್ರಿಗೆ ಗೊತ್ತಿರ್ತದೆ. ಊರೊಳಕ್ಕೆ ಓಗು. ಎರಡು ಅಂಗಡಿ ನೋಡು, ಒಬ್ಬನ ಮುಂದೆ ಇನ್ನೊಬ್ಬನ ಬೆಲೆ ಹೇಳು. ನಾನೇ ಮುರಿಸ್ಕೊಡ್ತೀನಿ ಅಂತ ಯಾವನಾದ್ರೂ ನಿಮ್ಮೋನೇ ಬಂದ್ರೆ ಅವನ ಜೇಬು ನೋಡು. ಎಲ್ಲಾನೂ ಒಂದೇ ದಪ ಮುರಿಸಬ್ಯಾಡ, ಉಣ್ಣೋಷ್ಟು ಮುರಿಸು. ಮಿಕ್ಕಿದ್ದ ವಾಪಸ್ ತಂದ್ರೆ ಅದೇ ಬಾಯಿ ಇನ್ನೊಂದು ದಪ ಕಚ್ತದೆ. ಮಿಕ್ಕಿದ್ರೆ ಸಾಮಾನು ತಗೊಂಬಾ." ಆಮೇಲೆ ಜವರಯ್ಯನ ಕಡೆ ತಿರುಗಿದಳು. "ತಗೊಂಡಿದ್ದ ಯಾರ್ಗೂ ತೋರಿಸಬ್ಯಾಡ ಅನ್ನಿ. ಗುಡಿಗೆ ಹೋಗ್ಬುಡ್ತದೆ."

ಜವರಯ್ಯ ಬಂದ ಹಿತ್ತಲ ಬಾಗಿಲಿನಿಂದಲೇ ಹೊರಟ. ಸಿದ್ದರಾಜು ಹಾಗೇ ಮಾಡಿದ. ಕಂಪನಿಯ ಮಿಕ್ಕವರ ದುಡ್ಡನ್ನೂ ತಾನೇ ಮುರಿಸಿಕೊಟ್ಟು, ನಡುವೆ ಉದುರಿದ್ದರಲ್ಲಿ ಒಂದು ಕೈಗಡಿಯಾರ, ಒಂದು ಟಾರ್ಚು ತಂದ. ಕೇರಿಯಲ್ಲಿ ಕೈ ಬೀಸಿಕೊಂಡು ಓಡಾಡಿದ. ಪಂಚಾಯ್ತಿ ಸೇರಲಿಲ್ಲ. ಜವರಯ್ಯನ ಅಳಿಯ ಬಲು ಚುರುಕು ಎಂದರು. ಹೊಟ್ಟೆಕಿಚ್ಚು ಅವನ ಮೇಲೂ ಇತ್ತು, ಆದರೆ ಗಂಡಸಿನ ಮೇಲೆ, ಅದೂ ಯಜಮಾನನ ಅಳಿಯನ ಮೇಲೆ ಬಂದ ಹೊಟ್ಟೆಕಿಚ್ಚನ್ನು ಜನ ಮೆಚ್ಚುಗೆ ಎಂದು ಕರೆಯುತ್ತಾರೆ.

ಈಗ ಓದುತ್ತಿರುವ ನಿಮಗೆ ಹೇಳುವುದು ಇಷ್ಟು. ಬೀರಮ್ಮ ತೆಗೆದುಕೊಂಡದ್ದು ತಪ್ಪು ಎಂದು ನಿಮಗೆ ಅನ್ನಿಸಿದರೆ ಅನ್ನಿಸಲಿ, ನಾನು ಅವಳನ್ನು ದೇವತೆ ಮಾಡಲು ಕೂತಿಲ್ಲ. ಆದರೆ ಹಾಗಿದ್ದರೆ ಮೊದಲು ಸಿದ್ದರಾಜುವಿನ ಗಡಿಯಾರ ಬಿಚ್ಚಿಸಿ. ಒಳಜೇಬಿನ ಕೋಟು ಬಿಚ್ಚಿಸಿ. ಆರೂಕಾಲಕ್ಕೆ ಆರು ಕೊಟ್ಟ ನಿಮ್ಮ ಅಂಗಡಿಗಳ ಗಲ್ಲಾ ತೆಗೆಸಿ. ಎಲ್ಲ ತಂದು ಮಾರಮ್ಮನ ಜಗಲಿಯ ಮೇಲೆ ಸುರಿಯಿರಿ. ಅದು ನಿಮ್ಮಿಂದ ಆಗುವುದಿಲ್ಲ, ನನಗೆ ಗೊತ್ತು. ಆಗದಿದ್ದರೆ ಹಂಡೆ ಅವಳದು.

ಅದು ಗುಡಿಯ ಹಿಂದಿನ ಕೊಟ್ಟಿಗೆಯಲ್ಲಿದೆ. ತಾಮ್ರ, ಒಬ್ಬರಿಂದ ಏಳುವುದಿಲ್ಲ. ಕಾಳಯ್ಯನಿಗೆ ಸೊಂಟ ಹೋಗಿದೆ, ನನ್ನದೂ ಅರಮನೆ ಮುಂದಿನ ಚಳವಳಿಯಲ್ಲಿ ಲಾಠಿ ತಿಂದ ಭುಜ. ಎರಡು ಕಡೆ ಬಳೆ ಇವೆ. ಒಂದನ್ನು ನಾನು ಹಿಡಿಯುತ್ತೇನೆ. ಇನ್ನೊಂದನ್ನು ಹಿಡಿಯಲು ನೀವು ಬರುತ್ತೀರೋ ಇಲ್ಲವೋ? ಬರುವುದಾದರೆ ಹಗಲಿನಲ್ಲೇ ಬನ್ನಿ, ಮುಂದಿನ ಬಾಗಿಲಿನಿಂದ ಬನ್ನಿ.